ಗೊತ್ತಿಲ್ಲ ಎನ್ನುವುದಕ್ಕೂ ಒಂದು ಜಾಗ

ನೈರೋಬಿಯ ಹರ್ಲಿಂಗ್‌ಹ್ಯಾಮ್‌ನ ನಮ್ಮ ಕ್ಲಿನಿಕ್ಕಿನ ಎರಡನೇ ಮಹಡಿಯಲ್ಲಿ, ಮೊದಲು ಎಕ್ಸ್-ರೇ ಫಿಲ್ಮುಗಳನ್ನು ಇಡುತ್ತಿದ್ದ ಕೋಣೆಯಲ್ಲಿ ನಾನು ಒಂಬತ್ತು ವರ್ಷ ಕೂತು ಕೆಲಸ ಮಾಡಿದೆ. ಬಾಗಿಲ ಮೇಲೆ ‘ಐಟಿ ವಿಭಾಗ’ ಎಂಬ ಬೋರ್ಡು ಇತ್ತು. ವಿಭಾಗ ಎಂದರೆ ನಾನೊಬ್ಬಳೇ. ಈಗ ನಿವೃತ್ತಳಾಗಿ ವರ್ಷ ತುಂಬುತ್ತಾ ಬಂದಿದೆ. ಕಳೆದ ತಿಂಗಳು ಕನ್ನಡದವರೆಲ್ಲ ಸೇರಿದ್ದ ಊಟದಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಕೂತಿದ್ದಳು, ವೆಸ್ಟ್‌ಲ್ಯಾಂಡ್ಸ್‌ನ ಯಾವುದೋ ಕಂಪನಿಗೆ ಹೊಸದಾಗಿ ಸೇರಿದವಳು. “ಆಂಟಿ, ಇಷ್ಟ್ ವರ್ಷ ಬರೀ ಡೇಟಾಬೇಸ್ ಕೆಲಸಾನಾ? ಬೋರ್ ಆಗ್ಲಿಲ್ವಾ?” ಎಂದು ಕೇಳಿದಳು. ಅಷ್ಟರಲ್ಲಿ ಪಾಯಸ ಬಂತು, ಮಾತು ಬೇರೆ ಕಡೆ ಹೋಯಿತು. ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎನ್ನುವುದರಿಂದ ಅವಳಿಗೆ ಏನೂ ಉಪಯೋಗವಿಲ್ಲ. ನಾನು ಮಾಡಿದ ತಪ್ಪುಗಳಿಂದ ಸ್ವಲ್ಪ ಉಪಯೋಗವಾಗಬಹುದು.

ನಾನು ತುಮಕೂರಿನವಳು. ನೈರೋಬಿಗೆ ಬಂದದ್ದು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡಲು. ಮದುವೆಯಾಗಲಿಲ್ಲ. ಎರಡು ವರ್ಷದ ಮಟ್ಟಿಗೆಂದು ಬಂದವಳು ಹಾಗೇ ಉಳಿದುಬಿಟ್ಟೆ. ಐವತ್ತರ ಹತ್ತಿರ ಬಂದಾಗ ಗಂಟಲು ಕೈಕೊಟ್ಟಿತು. ದಿನಕ್ಕೆ ಆರು ಪಿರಿಯಡ್ ಮಾತಾಡಿ ಸಂಜೆಗೆ ದನಿಯೇ ಹೊರಡುತ್ತಿರಲಿಲ್ಲ. ತೋರಿಸಿಕೊಳ್ಳಲು ಹೋದದ್ದು ಡಾಕ್ಟರ್ ಲೋಬೊ ಅವರಿಗೆ. ಅವರು ಮಂಗಳೂರಿನವರು, ನೈರೋಬಿಯಲ್ಲಿ ನಾಲ್ಕು ಕಡೆ ಕ್ಲಿನಿಕ್ ನಡೆಸುತ್ತಿದ್ದರು. ಅವರ ಮಗ ನನ್ನ ವಿದ್ಯಾರ್ಥಿಯಾಗಿದ್ದ. ಗಂಟಲೊಳಗೆ ಟಾರ್ಚು ಹಾಕಿ ನೋಡಿ, “ಟೀಚರೇ, ನೀವು ಮಾತಾಡುವ ಕೆಲಸ ಬಿಡಬೇಕು. ಮಾತಾಡದ ಕೆಲಸ ಒಂದು ನನ್ನ ಹತ್ರ ಉಂಟು” ಎಂದರು. ಹಾಗೆ ಕ್ಲಿನಿಕ್ಕಿಗೆ ಸೇರಿದೆ.

ಮಾತಾಡದ ಕೆಲಸ ಎಂದು ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಬೆಳಿಗ್ಗೆ ಬಾಗಿಲು ತೆಗೆದು ಒಳಗೆ ಕೂತರೆ ಸಂಜೆಯವರೆಗೆ ಯಾರ ಜೊತೆಯೂ ನಾಲ್ಕು ಮಾತಾಡದ ದಿನಗಳು ಎಷ್ಟೋ. ಕೆಳಗೆ ನರ್ಸುಗಳು, ಡಾಕ್ಟರುಗಳು, ರೋಗಿಗಳು, ಅಳುವ ಮಕ್ಕಳು. ಮೇಲೆ ನಾನು, ಒಂದು ಫ್ಯಾನು, ಎರಡು ಕಂಪ್ಯೂಟರು. ಮಧ್ಯಾಹ್ನದ ಡಬ್ಬಿಯನ್ನು ಕೆಲಸದ ಮೇಜಿನ ಮೇಲೇ ಬಿಚ್ಚುತ್ತಿದ್ದೆ. ಮೊದಮೊದಲು ಕೆಳಗಿನ ಊಟದ ಕೋಣೆಗೆ ಹೋಗಿ ಕೂತದ್ದುಂಟು. ಅವರೆಲ್ಲ ಆ ದಿನದ ರೋಗಿಗಳ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ನನ್ನ ದಿನದಲ್ಲಿ ಹೇಳಿಕೊಳ್ಳುವಂಥದ್ದು ಏನಿದ್ದರೂ ಅವರಿಗೆ ಅರ್ಥವಾಗುವಂತಿರಲಿಲ್ಲ. ಒಂದು ತಿಂಗಳಾದ ಮೇಲೆ ಹೋಗುವುದು ನಿಲ್ಲಿಸಿದೆ. ಯಾರೂ ಗಮನಿಸಲಿಲ್ಲ.

ಸೇರಿದಾಗ ಇದ್ದದ್ದು ಹಳೆಯ ಪದ್ಧತಿಯ ಡೇಟಾಬೇಸ್. ಅದು ಮನೆ ಕಟ್ಟಿದ ಮೇಲೆ ಗೋಡೆ ಕದಲಿಸಲಾಗದ ಹಾಗೆ. ಒಂದು ದೊಡ್ಡ ಕೋಷ್ಟಕ, ಎಲ್ಲ ರೋಗಿಗಳಿಗೂ ಒಂದೇ ಥರದ ಮನೆಗಳು: ಹೆಸರು, ವಯಸ್ಸು, ತೂಕ, ರೋಗ, ಔಷಧಿ. ಆದರೆ ನಮ್ಮ ನಾಲ್ಕು ಕ್ಲಿನಿಕ್ಕುಗಳಲ್ಲಿ ನಾಲ್ಕು ಥರದ ಫಾರಂ ಇದ್ದವು. ಕಸರಾನಿಯಲ್ಲಿ ಕ್ರೀಡಾಂಗಣದ ಕಡೆಯಿಂದ ಓಟಗಾರರು ಬರುತ್ತಿದ್ದರು, ಅವರ ಮೊಣಕಾಲಿನ ಬಗ್ಗೆಯೇ ಒಂದು ಪುಟ ಬೇಕು. ಹರ್ಲಿಂಗ್‌ಹ್ಯಾಮ್‌ನಲ್ಲಿ ಸಕ್ಕರೆ ಕಾಯಿಲೆಯವರು ಹೆಚ್ಚು. ಯಾರೋ ಒಬ್ಬ ಡಾಕ್ಟರು ಹೊಸ ಪ್ರಶ್ನೆ ಸೇರಿಸಿ ಎಂದರೆ ಇಡೀ ಕೋಷ್ಟಕಕ್ಕೆ ಒಂದು ಮನೆ ಸೇರಿಸಬೇಕಿತ್ತು, ಉಳಿದವರಿಗೆಲ್ಲ ಅದು ಖಾಲಿ.

ಡಾಕ್ಯುಮೆಂಟ್ ಡೇಟಾಬೇಸ್ ಎಂಬುದರ ಬಗ್ಗೆ ಓದಿದ್ದು ಆಗ. ಅದರಲ್ಲಿ ಕೋಷ್ಟಕವಿಲ್ಲ. ಪ್ರತಿ ರೋಗಿಗೂ ಒಂದೊಂದು ಲಕೋಟೆ ಇದ್ದ ಹಾಗೆ ಒಂದೊಂದು ಡಾಕ್ಯುಮೆಂಟ್. ಒಬ್ಬರ ಲಕೋಟೆಯಲ್ಲಿ ಐದು ಚೀಟಿ ಇರಬಹುದು, ಇನ್ನೊಬ್ಬರದರಲ್ಲಿ ಐವತ್ತು. ಯಾವುದೂ ಇನ್ನೊಂದರ ಹಾಗಿರಬೇಕೆಂಬ ಕಟ್ಟಳೆಯಿಲ್ಲ. ಓದಿದ ದಿನ ನನಗೆ ಕಿಟಕಿ ತೆರೆದ ಹಾಗಾಯಿತು.

ಅಲ್ಲಿಗೇ ನಿಲ್ಲಿಸಿದ್ದರೆ ಸರಿಯಿತ್ತು. ಅದರ ಜೊತೆಗೆ ಪ್ರೋಗ್ರಾಂ ಬರೆಯಲು ಒಂದು ಹೊಸ ಭಾಷೆಯನ್ನೂ ಆರಿಸಿಕೊಂಡೆ. ಅದರ ಹೆಸರು ಹೇಳುವುದಿಲ್ಲ, ನೀವು ಇದನ್ನು ಓದುವ ಹೊತ್ತಿಗೆ ಬೇರೆ ನಾಲ್ಕು ಹುಟ್ಟಿಕೊಂಡಿರುತ್ತವೆ. ಆಗ ಅದನ್ನು ಬಲ್ಲವರು ಇಡೀ ಊರಿನಲ್ಲಿ ನನಗೊಬ್ಬರೂ ಸಿಕ್ಕಿರಲಿಲ್ಲ. ಆ ಭಾಷೆಗೆ ಒಂದು ಗುಣವಿತ್ತು. ಬರೆದದ್ದನ್ನು ಓಡಿಸುವ ಮೊದಲೇ ಸಾಲು ಸಾಲಾಗಿ ಓದಿ, ‘ಇಲ್ಲಿ ನೀನು ಅಂದುಕೊಂಡದ್ದು ಇರದೇ ಹೋದರೆ ಏನು ಮಾಡುತ್ತೀಯ?’ ಎಂದು ಕೇಳುತ್ತಿತ್ತು. ಉತ್ತರ ಬರೆಯುವ ತನಕ ಮುಂದಕ್ಕೆ ಬಿಡುತ್ತಿರಲಿಲ್ಲ. ಪಾಠ ಮಾಡಿದವಳಿಗೆ ಇದು ಹಿಡಿಸಿತು. ನಿಜ ಹೇಳಬೇಕೆಂದರೆ ಇನ್ನೂ ಒಂದು ಕಾರಣವಿತ್ತು. ಐವತ್ತೊಂದನೇ ವಯಸ್ಸಿನಲ್ಲಿ, ಬೇರೆ ಯಾರಿಗೂ ಬಾರದ ಒಂದು ವಿದ್ಯೆ ನನಗೆ ಬರಬೇಕೆಂಬ ಹಟ. ಈ ಹಟ ನಿಮಗೂ ಬರುತ್ತದೆ. ಬಂದಾಗ ಒಂದು ವಿಷಯ ನೆನಪಿರಲಿ: ಬೇರೆ ಯಾರಿಗೂ ಬಾರದ ವಿದ್ಯೆಯಲ್ಲಿ ಎಡವಿದರೆ ಕೇಳಲು ಬೇರೆ ಯಾರೂ ಇರುವುದಿಲ್ಲ.

ಡೇಟಾಬೇಸನ್ನು ಆ ಭಾಷೆಯಿಂದ ಮಾತಾಡಿಸುವುದಕ್ಕೇ ನಾಲ್ಕು ದಿನ ಹಿಡಿಯಿತು. ಎರಡಕ್ಕೂ ನಡುವೆ ನಿಂತು ಮಾತು ದಾಟಿಸಲು ಡ್ರೈವರ್ ಎಂಬ ಒಂದು ಸಣ್ಣ ಪ್ರೋಗ್ರಾಂ ಬೇಕು. ಈ ಭಾಷೆಗೆ ಇದ್ದದ್ದು ಒಂದೇ ಡ್ರೈವರ್. ಅದನ್ನು ಇವೋ ಎಂಬ ಒಬ್ಬರು ಬರೆದು ಯಾರು ಬೇಕಾದರೂ ಬಳಸಲೆಂದು ಅಂತರ್ಜಾಲದಲ್ಲಿ ಇಟ್ಟಿದ್ದರು. ಶುರು ಮಾಡುವ ಬಗೆ ಹೇಗೆಂದು ಅವರು ಬರೆದಿದ್ದ ಪುಟವನ್ನು ಅಕ್ಷರ ಬಿಡದೆ ಅನುಸರಿಸಿದರೂ ನನಗೆ ಬರುತ್ತಿದ್ದದ್ದು ಒಂದೇ ಉತ್ತರ: ಸಂಪರ್ಕ ಸಿಗಲಿಲ್ಲ. ನಾಲ್ಕನೇ ದಿನ ನಾಚಿಕೆ ಬಿಟ್ಟು ಅವರಿಗೇ ಬರೆದೆ. ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು. ‘ತಪ್ಪು ನಿಮ್ಮದಲ್ಲ. ನನ್ನ ಪುಟದ ಎರಡನೇ ಸಾಲು ಹಳೆಯದಾಗಿದೆ. ಈಗ ತಿದ್ದಿದ್ದೇನೆ, ಮತ್ತೊಮ್ಮೆ ನೋಡಿ.’

ನೋಡಿದೆ. ಸಿಕ್ಕಿತು. ಪರೀಕ್ಷೆಗೆಂದು ನನ್ನದೇ ವಿವರಗಳನ್ನು ಮೊದಲ ಡಾಕ್ಯುಮೆಂಟ್ ಆಗಿ ಹಾಕಿದೆ. ಹೆಸರು ವತ್ಸಲಾ, ಊರು ತುಮಕೂರು, ದೂರು ಗಂಟಲು ನೋವು. ಹಾಕಿ, ಮತ್ತೆ ಅದನ್ನೇ ಹೊರಗೆ ಕರೆದೆ. ನಾನು ಬರೆದದ್ದು ಬರೆದ ಹಾಗೇ ಪರದೆಯ ಮೇಲೆ ಬಂತು. ಅಷ್ಟರಲ್ಲಿ ಡಾಕ್ಟರ್ ಲೋಬೊ ಬಾಗಿಲಲ್ಲಿ ನಿಂತಿದ್ದರು.

“ಎಂತ ಟೀಚರೇ, ಒಬ್ಬರೇ ನಗ್ತಾ ಇದ್ದೀರಿ?”

“ಡೇಟಾಬೇಸ್ ಕನೆಕ್ಟ್ ಆಯ್ತು ಡಾಕ್ಟ್ರೇ.”

“ಅಷ್ಟೆಯಾ?” ಎಂದು ಅವರು ಕೆಳಗಿಳಿದು ಹೋದರು.

ಅಷ್ಟೇ. ಆ ಸಂತೋಷವನ್ನು ಹಂಚಿಕೊಳ್ಳಲು ಇದ್ದದ್ದು ಇವೋ ಮಾತ್ರ. ‘ಕೆಲಸ ಮಾಡಿತು, ಧನ್ಯವಾದ’ ಎಂದು ಬರೆದೆ. ಅದಕ್ಕೆ ಅವರು ಮೇಲೆತ್ತಿದ ಹೆಬ್ಬೆರಳಿನ ಒಂದು ಚಿಹ್ನೆ ಕಳಿಸಿದರು. ಅವರು ಯಾವ ದೇಶದವರು, ವಯಸ್ಸೆಷ್ಟು, ಒಂದೂ ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಲಕೋಟೆಯಲ್ಲಿ ಏನು ಬೇಕಾದರೂ ಹಾಕಬಹುದು ಎಂಬುದರ ಇನ್ನೊಂದು ಮುಖ ಮೊದಲು ಕಂಡದ್ದು ಕಸರಾನಿಯಲ್ಲಿ. ಅಲ್ಲಿನ ಹಿರಿಯ ನರ್ಸ್ ಗ್ರೇಸ್, ನನಗಿಂತ ಹತ್ತು ವರ್ಷ ಚಿಕ್ಕವರು, ಒಂದು ಬೆಳಿಗ್ಗೆ ಫೋನು ಮಾಡಿದರು. ನಾನು ಮೊದಲು ಟೀಚರಾಗಿದ್ದೆ ಎಂದು ತಿಳಿದಾಗಿನಿಂದ ಅವರು ನನ್ನನ್ನು ಸ್ವಾಹಿಲಿಯಲ್ಲಿ ‘ಮ್ವಾಲಿಮು’, ಅಂದರೆ ಗುರುಗಳೇ ಎಂದೇ ಕರೆಯುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿಗೆ ಸ್ವಾಹಿಲಿ ಬೆರೆಸಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಮ್ವಾಲಿಮು, ನಿಮ್ಮ ಮೆಷಿನ್ನಿನಲ್ಲಿ ಸೂರ್ಯ ಎಷ್ಟು ಗಂಟೆಗೆ ಹುಟ್ಟುತ್ತಾನೆ?”

“ಯಾಕೆ ಸಿಸ್ಟರ್?”

“ಇಲ್ಲಿ ಲಸಿಕೆ ಹಾಕಿಸಿಕೊಳ್ಳಲು ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಬಂದು ಕೂತಿದ್ದಾರೆ. ಡಾಕ್ಟರು ಮೂರು ಗಂಟೆಗೆ ಬರುತ್ತಾರೆ ಅಂತ ನಿಮ್ಮ ಮೆಷಿನ್ ಹೇಳುತ್ತಿದೆ.”

ಸ್ವಾಹಿಲಿಯಲ್ಲಿ ಹೊತ್ತನ್ನು ಬೆಳಗಾದಲ್ಲಿಂದ ಎಣಿಸುತ್ತಾರೆ. ಮೂರು ಗಂಟೆ ಎಂದರೆ ನಮ್ಮ ಒಂಬತ್ತು. ರಿಸೆಪ್ಷನ್ನಿನವರು ತಾಯಂದಿರಿಗೆ ಹೇಳಿದ ಹಾಗೇ ಮೂರು ಎಂದು ಟೈಪು ಮಾಡಿದ್ದರು, ನನ್ನ ಪ್ರೋಗ್ರಾಂ ಅದನ್ನು ಮಧ್ಯಾಹ್ನದ ಮೂರು ಮಾಡಿ ಡಾಕ್ಟರಿಗೆ ಕಳಿಸಿತ್ತು. ಇಷ್ಟು ವರ್ಷ ಈ ಊರಿನಲ್ಲಿದ್ದ ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ತರಕಾರಿಯವಳು ನಾಳೆ ಎರಡು ಗಂಟೆಗೆ ಬಾ ಎಂದರೆ ಎಂಟಕ್ಕೆ ಹೋಗುತ್ತಿದ್ದವಳೇ ನಾನು. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಅದು ನೆನಪಾಗಲಿಲ್ಲ. ಹರ್ಲಿಂಗ್‌ಹ್ಯಾಮ್‌ನಿಂದ ಒಬ್ಬ ಡಾಕ್ಟರನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೊರಟೆ. ಆ ಟ್ರಾಫಿಕ್ಕಿನಲ್ಲಿ ಕಸರಾನಿ ಮುಟ್ಟುವ ಹೊತ್ತಿಗೆ ಮಕ್ಕಳು ಅತ್ತೂ ಅತ್ತೂ ಮಲಗಿಬಿಟ್ಟಿದ್ದವು. ಗ್ರೇಸ್ ನನ್ನನ್ನು ಬೈಯಲಿಲ್ಲ. ಒಂದು ಕುರ್ಚಿ ತಂದು ರಿಸೆಪ್ಷನ್ ಪಕ್ಕ ಹಾಕಿ, “ಇವತ್ತು ಇಡೀ ದಿನ ಇಲ್ಲಿ ಕೂತು ನೋಡಿ. ನಾವು ಏನು ಟೈಪ್ ಮಾಡುತ್ತೇವೆ, ಯಾಕೆ ಮಾಡುತ್ತೇವೆ ಅಂತ” ಎಂದರು.

ಕೂತೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನಾನು ಬರೆದ ಪರದೆಯ ಮುಂದೆ ಬೇರೆಯವರು ಕೂತದ್ದನ್ನು ನೋಡಿದ್ದು ಅದೇ ಮೊದಲು.

ಇನ್ನು ಹೇಳಬೇಕಾದದ್ದು ಕಮಾವು ಅವರ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಡಾಕ್ಯುಮೆಂಟ್ ಪದ್ಧತಿ ಬಂದು ಮೂರನೇ ವರ್ಷ. ನಾಲ್ಕೂ ಕ್ಲಿನಿಕ್ಕಿನ ಹಳೆಯ ದಾಖಲೆಗಳು ಒಳಗೆ ಬಂದಿದ್ದವು. ಔಷಧಿ ಬರೆಯುವ ಪರದೆಯ ಮೇಲ್ಗಡೆ ಒಂದು ಸಾಲು ಇತ್ತು: ಈ ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬ ಅಲರ್ಜಿಯ ಸಾಲು. ಲಕೋಟೆಯಲ್ಲಿ ಅಲರ್ಜಿಯ ಚೀಟಿ ಇದ್ದರೆ ಅದು ಕೆಂಪಕ್ಷರದಲ್ಲಿ ಬರುತ್ತಿತ್ತು. ಚೀಟಿಯೇ ಇರದಿದ್ದರೆ? ಆ ಭಾಷೆ ತನ್ನ ಸ್ವಭಾವದಂತೆ ನನ್ನನ್ನು ಕೇಳಿತು, ಇರದಿದ್ದರೆ ಏನು ಮಾಡುತ್ತೀಯ ಎಂದು. ಆ ವಾರ ಅದು ನನ್ನನ್ನು ಅದೇ ಪ್ರಶ್ನೆ ನೂರಾರು ಕಡೆ ಕೇಳಿತ್ತು, ನನಗೆ ರೇಗಿಹೋಗಿತ್ತು. ಇವೋ ಅವರ ಡ್ರೈವರಿನಲ್ಲಿ ಒಂದು ಅಡ್ಡದಾರಿ ಇತ್ತು. ಒಂದೇ ಪದ ಬರೆದರೆ ಸಾಕು, ಇರದ ಜಾಗದಲ್ಲೆಲ್ಲ ಒಂದು ಖಾಲಿ ಪಟ್ಟಿ ಇಟ್ಟುಕೊಂಡು ಮುಂದೆ ಹೋಗುತ್ತಿತ್ತು. ಆ ಪದ ಬರೆದೆ. ಭಾಷೆ ಸುಮ್ಮನಾಯಿತು. ಪಟ್ಟಿ ಖಾಲಿಯಿದ್ದರೆ ಪರದೆಯ ಮೇಲೆ ‘ಅಲರ್ಜಿ ಇಲ್ಲ’ ಎಂದು ಹಸಿರಿನಲ್ಲಿ ಬರುತ್ತಿತ್ತು.

ಕಸರಾನಿಯ ಹಳೆಯ ಫಾರಂನಲ್ಲಿ ಅಲರ್ಜಿಯ ಪ್ರಶ್ನೆ ಎರಡನೇ ಪುಟದಲ್ಲಿತ್ತು. ಎಷ್ಟೋ ಜನರ ಎರಡನೇ ಪುಟವನ್ನು ಯಾರೂ ತುಂಬಿರಲೇ ಇಲ್ಲ.

ಕಮಾವು ಶಾಲೆಯ ಬಸ್ಸು ಓಡಿಸುತ್ತಿದ್ದರು. ಪಾದದ ಗಾಯಕ್ಕೆ ಕೀವು ತುಂಬಿ ಕಸರಾನಿಗೆ ಬಂದರು. ಡಾಕ್ಟರು ಪರದೆ ನೋಡಿದರು, ಹಸಿರು ಸಾಲು ನೋಡಿದರು, ಪೆನ್ಸಿಲಿನ್ ಇಂಜೆಕ್ಷನ್ ಬರೆದರು. ಗ್ರೇಸ್ ಸಿರಿಂಜು ತುಂಬಿಕೊಂಡು ಹೋದರು. ಅವರದೊಂದು ಅಭ್ಯಾಸವಿತ್ತು, ಪರದೆಯಲ್ಲಿ ಏನೇ ಇರಲಿ ಚುಚ್ಚುವ ಮೊದಲು ಬಾಯಿಬಿಟ್ಟು ಕೇಳುವುದು. “ಈ ಹಿಂದೆ ಇಂಜೆಕ್ಷನ್ ತಗೊಂಡು ಏನಾದರೂ ತೊಂದರೆ ಆಗಿತ್ತಾ?” ಎಂದು ಕೇಳಿದರು. ಕಮಾವು ಅಂಗಿಯ ತೋಳು ಮಡಿಸಿಕೊಳ್ಳುತ್ತಾ, “ಒಂದು ಸಲ ಪೆನ್ಸಿಲಿನ್ ಕೊಟ್ಟಾಗ ಉಸಿರು ಕಟ್ಟಿತ್ತು. ದೊಡ್ಡಾಸ್ಪತ್ರೆಗೆ ಹಾಕಿದ್ದರು” ಎಂದರು.

ಗ್ರೇಸ್ ಸಿರಿಂಜನ್ನು ತಟ್ಟೆಯಲ್ಲಿ ಇಟ್ಟು ನನಗೆ ಫೋನು ಮಾಡಿದರು. ಅವರ ದನಿ ಎಂದಿನ ಹಾಗೆ ತಣ್ಣಗಿತ್ತು. “ಮ್ವಾಲಿಮು, ನಿಮ್ಮ ಪರದೆ ಇವತ್ತು ನನ್ನ ಹತ್ತಿರ ಸುಳ್ಳು ಹೇಳಿತು.”

ಅವರು ನಡೆದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ತಪ್ಪು ಎಲ್ಲಿದೆ ಎಂದು ನನಗೆ ಹೊಳೆದಿತ್ತು. ಯಾವ ಸಾಲು, ಯಾವ ಪದ ಎನ್ನುವುದೂ ಕಣ್ಣಿಗೆ ಕಟ್ಟಿತ್ತು. ಡಾಕ್ಟರ್ ಲೋಬೊ ಅವರ ಕೋಣೆಗೆ ಇಳಿದು ಹೋದೆ. ರೋಗಿಯೊಬ್ಬರು ಹೊರಗೆ ಬರುವವರೆಗೆ ಕಾದು, ನಿಂತುಕೊಂಡೇ ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಂಜೆಕ್ಷನ್ ಕೊಡ್ಲಿಲ್ಲ ಅಲ್ವಾ?”

“ಕೊಡ್ಲಿಲ್ಲ.”

“ಹಾಗಾದ್ರೆ ಆಯ್ತಲ್ಲ. ಸುಮ್ಮನೆ ಸರಿ ಮಾಡಿಬಿಡಿ.”

“ಅಷ್ಟಕ್ಕೇ ಆಗಲ್ಲ ಡಾಕ್ಟ್ರೇ. ಎಲ್ಲಾ ಬ್ರಾಂಚಲ್ಲೂ ಅದೇ ಸಾಲು ಓಡ್ತಿದೆ. ‘ಇಲ್ಲ’ ಅಂತ ತೋರಿಸ್ತಿರೋದ್ರಲ್ಲಿ ಯಾವುದು ನಿಜ, ಯಾವುದು ಬರೀ ಕೇಳದೇ ಇರೋದು ಅಂತ ನಂಗೇ ಗೊತ್ತಿಲ್ಲ. ಎಲ್ಲರಿಗೂ ಹೇಳ್ಬೇಕು. ಪೇಶೆಂಟ್ಸ್‌ಗೂ.”

“ಪೇಶೆಂಟ್ಸಿಗೆ ಎಂತಕ್ಕೆ? ಹೆದರಿಸ್ಲಿಕ್ಕಾ? ನಮ್ಮ ರೆಕಾರ್ಡ್ ನಂಬ್ಬೇಡಿ ಅಂತ ನಾವೇ ಬೋರ್ಡ್ ಹಾಕುದಾ?”

“ಸದ್ಯಕ್ಕೆ ನಂಬ್ಬಾರ್ದು, ಅದೇ ನಿಜ.”

ಅವರ ಮುಖ ಕೆಂಪಾಯಿತು. “ಟೀಚರೇ, ಕ್ಲಿನಿಕ್ ನಡೆಸುವುದು ನಾನು. ನೀವು ಮೇಲೆ ಹೋಗಿ ಪ್ರೋಗ್ರಾಂ ನೋಡಿ.”

ಮೇಲೆ ಹೋದೆ. ಹೋಗಿ, ನಾಲ್ಕೂ ಕ್ಲಿನಿಕ್ಕುಗಳ ಪರದೆಯಿಂದ ಆ ಹಸಿರು ಸಾಲನ್ನು ತೆಗೆದುಹಾಕಿದೆ. ಅದರ ಜಾಗದಲ್ಲಿ ‘ಅಲರ್ಜಿಯ ಮಾಹಿತಿಯಲ್ಲಿ ತಪ್ಪಿದೆ, ರೋಗಿಯನ್ನೇ ಕೇಳಿ’ ಎಂದು ಹಾಕಿದೆ. ಕೆಳಗೆ ನನ್ನ ಹೆಸರು ಬರೆದೆ. ಯಾರ ಅನುಮತಿಯನ್ನೂ ಕೇಳಲಿಲ್ಲ. ಹತ್ತು ನಿಮಿಷಕ್ಕೆ ಫೋನುಗಳು ಬರತೊಡಗಿದವು. ವೆಸ್ಟ್‌ಲ್ಯಾಂಡ್ಸ್‌ನ ಒಬ್ಬ ಡಾಕ್ಟರು, ಹಾಗಾದರೆ ಇಷ್ಟು ದಿನ ನಾವು ನೋಡಿದ್ದು ಏನು ಎಂದು ಕೂಗಾಡಿದರು. ಅವರು ಕೂಗಾಡಿದ್ದು ನ್ಯಾಯವೇ ಆಗಿತ್ತು. ಸಂಜೆ ಮೇಜಿನ ಖಾನೆಯಲ್ಲಿದ್ದ ನನ್ನ ಲೋಟ, ಶಾಲು, ಒಂದೆರಡು ಪುಸ್ತಕ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡೇ ಮನೆಗೆ ಹೊರಟೆ.

ಮನೆಗೆ ಬಂದು ತುಮಕೂರಿಗೆ, ಅಕ್ಕನಿಗೆ ಫೋನು ಮಾಡಿದೆ. ಹೇಗೆ ಶುರು ಮಾಡಬೇಕೆಂದೇ ತಿಳಿಯಲಿಲ್ಲ. “ಆಫೀಸಲ್ಲಿ ಒಂದು ತಪ್ಪಾಗೋಯ್ತು ಕಣೇ” ಎಂದೆ. “ಕಂಪ್ಯೂಟರ್ ಕೆಟ್ಟೋಯ್ತಾ?” ಎಂದಳು. “ಹೂಂ” ಎಂದೆ. “ಸರಿ ಮಾಡುಸ್ಕೋ, ಅದಕ್ಯಾಕೆ ಇಷ್ಟು ಸಪ್ಪಗಿದೀಯ?” ಎಂದು ಅವಳು ಮಗಳ ಸೀಮಂತದ ಸುದ್ದಿಗೆ ಹೋದಳು. ಅವಳದೇನೂ ತಪ್ಪಿಲ್ಲ. ನಾನು ಇಷ್ಟು ವರ್ಷ ಏನು ಕೆಲಸ ಮಾಡುತ್ತಿದ್ದೇನೆಂದು ಅವಳಿಗೆ ಒಂದು ದಿನವೂ ಬಿಡಿಸಿ ಹೇಳಿರಲಿಲ್ಲ. ಫೋನಿಟ್ಟ ಮೇಲೆ ಇವೋ ಅವರಿಗೆ ಬರೆದೆ, ಸ್ವಲ್ಪ ಕಟುವಾಗಿಯೇ. ಇಂಥ ಅಡ್ಡದಾರಿಯನ್ನು ಡ್ರೈವರಿನಲ್ಲಿ ಯಾಕಾದರೂ ಇಟ್ಟಿದ್ದೀರಿ, ಇವತ್ತು ಶಾಲೆಯ ಬಸ್ಸು ಓಡಿಸುವ ಒಬ್ಬರ ಜೀವ ಹೋಗುವುದಿತ್ತು ಎಂದು.

ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಕೂತಾಗ ಅವರ ಉತ್ತರ ಬಂದಿತ್ತು. ‘ಆ ಮನುಷ್ಯ ಕ್ಷೇಮವಾಗಿದ್ದಾರೆ ಎಂದು ಓದಿ ಸಮಾಧಾನವಾಯಿತು. ಒಂದು ವಸ್ತು ಇಲ್ಲದಿದ್ದರೆ ಅದರ ಅರ್ಥ ಏನು ಎಂದು ನನ್ನ ಡ್ರೈವರಿಗೆ ತಿಳಿಯಲಾರದು. ಅದು ನಿಮಗೆ ಮಾತ್ರ ಗೊತ್ತು. ಆದರೂ ಆ ಪದವನ್ನು ಅಷ್ಟು ಸುಲಭವಾಗಿ ಕೈಗೆ ಸಿಗುವಂತೆ ಇಟ್ಟದ್ದು ನನ್ನ ತಪ್ಪು. ಇವತ್ತು ತೆಗೆದುಹಾಕಿದ್ದೇನೆ.’

ಅದನ್ನು ಓದಿ ಮುಗಿಸುವಷ್ಟರಲ್ಲಿ ಡಾಕ್ಟರ್ ಲೋಬೊ ಬಾಗಿಲಿಗೆ ಬಂದರು. ಕೈಯಲ್ಲಿ ಕಾರಿನ ಕೀಲಿಯಿತ್ತು. ನನ್ನ ಕೆಲಸ ಹೋಯಿತು ಎಂದುಕೊಂಡೇ ಎದ್ದು ನಿಂತೆ.

“ಬನ್ನಿ. ಕಸರಾನಿಗೆ ಹೋಗುವ. ಆ ಜನ ಇವತ್ತು ಡ್ರೆಸ್ಸಿಂಗಿಗೆ ಬರ್ತಾರಂತೆ” ಎಂದರು. ದಾರಿಯ ರೌಂಡಾಬೌಟಿನಲ್ಲಿ ಮಟಾಟು, ಅಂದರೆ ಬಾಡಿಗೆಯ ವ್ಯಾನೊಂದು ಅಡ್ಡ ಬಂದಾಗಲೂ, ಎಂದಿನ ಹಾಗೆ ಕೊಂಕಣಿಯಲ್ಲಿ ಬೈಯಲಿಲ್ಲ.

ಕಮಾವು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಡಾಕ್ಟರ್ ಲೋಬೊ ಅವರ ಪಕ್ಕದಲ್ಲೇ ಕೂತು, ನಡೆದದ್ದನ್ನು ಒಂದೂ ಮುಚ್ಚಿಡದೆ ಸ್ವಾಹಿಲಿಯಲ್ಲಿ ಹೇಳಿದರು. ಕ್ಲಿನಿಕ್ ನನ್ನದು, ತಪ್ಪು ನನ್ನದು ಎಂದರು. ನಾನು ನಡುವೆ ಬಾಯಿ ಹಾಕಿ, ಆ ಸಾಲು ಬರೆದದ್ದು ನಾನು ಎಂದೆ. ಕಮಾವು ನನ್ನ ಮುಖವನ್ನೇ ನೋಡಿದರು. ಸಿಟ್ಟಿಗೆ ಏನೆನ್ನಬಹುದೋ ಎಂದು ಕಾಯುತ್ತಾ ನಿಂತಿದ್ದೆ.

“ಪೋಲೆ, ಮ್ವಾಲಿಮು,” ಎಂದರು.

ಯಾರಾದರೂ ಎಡವಿ ಬಿದ್ದಾಗ, ಯಾರ ಮನೆಯಲ್ಲಾದರೂ ಸಾವಾದಾಗ ಇಲ್ಲಿಯ ಜನ ಹೇಳುವ ಮಾತು ಅದು, ಪೋಲೆ. ಅಯ್ಯೋ ಪಾಪ, ನಿನ್ನ ಕಷ್ಟ ನನಗೆ ತಿಳಿಯುತ್ತದೆ ಎಂಬ ಹಾಗೆ. ಸಾವಿನಿಂದ ಕೂದಲೆಳೆಯ ಅಂತರದಲ್ಲಿ ಪಾರಾದವರು ನನಗೆ ಅದನ್ನು ಹೇಳಿದರು. ಗ್ರೇಸ್ ನನ್ನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋಗಿ ಒಂದು ಲೋಟ ಚಹಾ ಕೊಟ್ಟರು.

ಆಮೇಲೆ ಕೆಲಸದ ಪದ್ಧತಿ ಬದಲಾಯಿತು. ಅಲರ್ಜಿಗೆ ಮೂರು ಉತ್ತರ ಇಟ್ಟೆ: ಕೇಳಿದೆ, ಇದೆ. ಕೇಳಿದೆ, ಇಲ್ಲ. ಇನ್ನೂ ಕೇಳಿಲ್ಲ. ಮೂರನೆಯದನ್ನು ಕೆಂಪಿನಲ್ಲಿ ತೋರಿಸುತ್ತೇನೆ ಎಂದಾಗ ಗ್ರೇಸ್ ಬೇಡವೆಂದರು. “ಕೆಂಪು ಹಾಕಿದರೆ ಬೈಸಿಕೊಳ್ಳಬೇಕಾಗುತ್ತದೆ ಅಂತ ಹುಡುಗಿಯರು ಕೇಳದೆಯೇ ‘ಇಲ್ಲ’ ಅಂತ ಒತ್ತಿಬಿಡುತ್ತಾರೆ. ಕೇಳಿಲ್ಲ ಅಂತ ಹೇಳಲು ಯಾರಿಗೂ ಹೆದರಿಕೆ ಆಗಬಾರದು.” ಎಷ್ಟೋ ವರ್ಷ ಪಾಠ ಮಾಡಿದ ನನಗೆ ಇದು ಹೊಳೆಯಬೇಕಿತ್ತು. ತರಗತಿಯಲ್ಲಿ ಗೊತ್ತಿಲ್ಲ ಎಂದವರನ್ನು ನಿಲ್ಲಿಸುತ್ತಿದ್ದವಳೇ ನಾನು. ಹಳದಿ ಬಣ್ಣ ಹಾಕಿದೆವು. ಗೊತ್ತಿಲ್ಲ ಎಂದು ಬರೆದವರನ್ನು ಯಾರೂ ಬೈಯಕೂಡದು ಎಂದು ಡಾಕ್ಟರ್ ಲೋಬೊ ಎಲ್ಲ ಕ್ಲಿನಿಕ್ಕುಗಳಿಗೆ ಬರೆದು ಕಳಿಸಿದರು. ನನ್ನ ಪ್ರೋಗ್ರಾಂನಲ್ಲಿದ್ದ ಅಡ್ಡದಾರಿಗಳನ್ನೆಲ್ಲ ಒಂದೊಂದಾಗಿ ಹುಡುಕಿ ತೆಗೆಯಲು ಐದು ತಿಂಗಳು ಬೇಕಾಯಿತು. ಒಬ್ಬಳೇ ಕೂತು ತೆಗೆದೆ. ಸಿಕ್ಕಿಕೊಂಡಾಗ ಇವೋ ಅವರಿಗೆ ಬರೆಯುತ್ತಿದ್ದೆ, ಹೆಚ್ಚೆಂದರೆ ಒಂದು ದಿನದಲ್ಲಿ ಉತ್ತರವೋ ತಿದ್ದಿದ ಡ್ರೈವರೋ ಬರುತ್ತಿತ್ತು. ಅವರ ಹಿಂದೆ ದೊಡ್ಡದೊಂದು ತಂಡವೇ ಇರಬೇಕು, ನನ್ನಂಥ ಸಾವಿರಾರು ಜನಕ್ಕೆ ಹೀಗೇ ಉತ್ತರಿಸುತ್ತಿರಬೇಕು ಎಂದುಕೊಂಡಿದ್ದೆ. ಅವರ ಸಮಯ ಹಾಳು ಮಾಡಬಾರದೆಂದು ಕಾಗದದಲ್ಲಿ ಕೆಲಸದ ಮಾತು ಬಿಟ್ಟು ಇನ್ನೇನನ್ನೂ ಬರೆಯುತ್ತಿರಲಿಲ್ಲ.

ಹೋದ ವರ್ಷ ಡಾಕ್ಟರ್ ಲೋಬೊ ಕ್ಲಿನಿಕ್ಕುಗಳನ್ನು ಬೇರೆಯವರಿಗೆ ಒಪ್ಪಿಸಿದರು, ವಯಸ್ಸಾಗಿತ್ತು. ಹೊಸಬರ ಹತ್ತಿರ ತಮ್ಮದೇ ಸಿದ್ಧ ವ್ಯವಸ್ಥೆಯಿತ್ತು. ನನ್ನ ಲಕೋಟೆಗಳನ್ನೆಲ್ಲ ಅದಕ್ಕೆ ಸಾಗಿಸುವುದೇ ನನ್ನ ಕೊನೆಯ ಕೆಲಸ. ಹೊಸಬರ ಕಡೆಯ ಎಂಜಿನಿಯರುಗಳು ಒಳ್ಳೆಯವರು, ಚುರುಕಾದವರು. ನಾನು ಬಳಸಿದ ಭಾಷೆಯ ಹೆಸರು ಕೇಳಿ ಒಬ್ಬರು, “ಓ, ಅದನ್ನ ಯಾರಾದ್ರೂ ಯೂಸ್ ಮಾಡ್ತಾರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ವ್ಯಂಗ್ಯವೇನಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದು.

ಒಂದು ಬುಧವಾರ ಮಧ್ಯಾಹ್ನ ನನ್ನ ಪ್ರೋಗ್ರಾಂ ನಿಲ್ಲಿಸುವುದೆಂದು ನಿಗದಿಯಾಯಿತು. ನಿಲ್ಲಿಸಲು ಬೇಕಾದದ್ದು ಒಂದು ಪದ ಮತ್ತು ಒಂದು ಗುಂಡಿ. ಒತ್ತಿದೆ. ಪರದೆಯ ಮೇಲೆ, ಸಂಪರ್ಕ ಮುಚ್ಚಿದೆ ಎಂಬ ಒಂದು ಸಾಲು ಬಂತು. ಕೆಳಗಡೆ ಟೋಕನ್ ನಂಬರ್ ಕೂಗುತ್ತಿದ್ದರು, ಯಾವುದೋ ಮಗು ಕೆಮ್ಮುತ್ತಿತ್ತು. ಏನೂ ನಿಲ್ಲಲಿಲ್ಲ. ಹೊಸ ವ್ಯವಸ್ಥೆ ಆಗಲೇ ಓಡುತ್ತಿತ್ತು. ಒಂಬತ್ತು ವರ್ಷದ ಕೆಲಸ ಮುಗಿದದ್ದನ್ನು ನೋಡಿದವಳು ನಾನೊಬ್ಬಳೇ. ಆಮೇಲೆ, ಹೇಳಬೇಕಾದವರು ಒಬ್ಬರಿದ್ದಾರಲ್ಲ ಎನಿಸಿ ಇವೋ ಅವರಿಗೆ ನಾಲ್ಕು ಸಾಲು ಬರೆದೆ. ನಾನೊಬ್ಬಳೇ ನೋಡಿಕೊಳ್ಳುತ್ತಿದ್ದ ವ್ಯವಸ್ಥೆ ಇವತ್ತು ನಿಂತಿತು, ನಾನು ನಿವೃತ್ತಳಾಗುತ್ತಿದ್ದೇನೆ, ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ, ಇಷ್ಟು ವರ್ಷದ ಸಹಾಯಕ್ಕೆ ಕೃತಜ್ಞಳು ಎಂದು.

ಎಂದೂ ಮರುದಿನವೇ ಉತ್ತರ ಕೊಡುತ್ತಿದ್ದವರು ಈ ಬಾರಿ ಮೂರು ವಾರ ಬರೆಯಲಿಲ್ಲ. ದೊಡ್ಡ ತಂಡ, ಹೋಗುವವರಿಗೆಲ್ಲ ಬರೆಯುತ್ತಾ ಕೂರಲಾಗುತ್ತದೆಯೇ ಎಂದುಕೊಂಡು ಸುಮ್ಮನಾದೆ. ಬಂದಾಗ ಅದು ಉದ್ದದ ಪತ್ರವಾಗಿತ್ತು.

‘ಹೇಗೆ ಬರೆಯುವುದೆಂದು ತಿಳಿಯದೆ ತಡವಾಯಿತು,’ ಎಂದು ಶುರುವಾಗಿತ್ತು. ‘ನಿಮ್ಮದು ಹತ್ತಾರು ಪ್ರೋಗ್ರಾಮರುಗಳಿರುವ ದೊಡ್ಡ ಆಸ್ಪತ್ರೆ ಎಂದು ನಾನು ತಿಳಿದಿದ್ದೆ. ನೀವೊಬ್ಬರೇ ಎಂದು ನಿಮ್ಮ ಪತ್ರದಿಂದ ಈಗ ಗೊತ್ತಾಯಿತು. ಈ ಡ್ರೈವರನ್ನು ನಾನು ರೈಲು ನಿಲ್ದಾಣದ ಕೆಲಸದಿಂದ ನಿವೃತ್ತನಾದ ಮೇಲೆ ಹವ್ಯಾಸಕ್ಕೆಂದು ಬರೆದೆ. ಕೆಲವರು ಆಟಕ್ಕೆ ಬಳಸಿ ಬಿಟ್ಟುಬಿಟ್ಟರು. ನಿಜವಾದ ಕೆಲಸಕ್ಕೆ ಅದನ್ನು ಬಳಸುತ್ತಿದ್ದದ್ದು, ನನಗೆ ತಿಳಿದ ಮಟ್ಟಿಗೆ, ಇಡೀ ಪ್ರಪಂಚದಲ್ಲಿ ನೀವು ಮಾತ್ರ. ಐದು ವರ್ಷದ ಹಿಂದೆಯೇ ನಿಲ್ಲಿಸಬೇಕೆಂದಿದ್ದೆ. ಆ ಬಸ್ ಡ್ರೈವರ್ ವಿಷಯ ನೀವು ಬರೆದ ಮೇಲೆ ನಿಲ್ಲಿಸಲಾಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಿಮ್ಮಿಂದ ಏನಾದರೂ ಬಂದಿದೆಯೇ ಎಂದು ನೋಡುತ್ತಿದ್ದೆ. ಬರದ ದಿನ, ಅಲ್ಲೆಲ್ಲ ಸರಿಯಾಗಿದೆ ಎಂದುಕೊಳ್ಳುತ್ತಿದ್ದೆ. ನನಗೀಗ ಎಪ್ಪತ್ತೆಂಟು. ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ, ಈಗ ಕೇಳುತ್ತೇನೆ. ನೈರೋಬಿಯಲ್ಲಿ ನಿಮ್ಮ ಕಿಟಕಿಯಿಂದ ಏನು ಕಾಣುತ್ತದೆ?’

ಎರಡು ಸಲ ಓದಿದೆ. ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ ಹೋಯಿತು, ಎದ್ದು ಆರಿಸಿದೆ.

ಮೂರನೇ ಮಹಡಿಯ ನನ್ನ ಫ್ಲ್ಯಾಟಿನ ಕಿಟಕಿಯನ್ನು ನಾನು ಸಾಮಾನ್ಯವಾಗಿ ಧೂಳಿಗೆ ಹೆದರಿ ಮುಚ್ಚಿಯೇ ಇಡುತ್ತಿದ್ದೆ. ಅಂದು ತೆರೆದು ನಿಂತೆ. ಎದುರಿನ ಔಷಧಿ ಅಂಗಡಿಯವರು ಬಾಗಿಲ ಮುಂದೆ ನೀರು ಹಾಕಿ ಗುಡಿಸುತ್ತಿದ್ದರು. ಬಾಳೆಹಣ್ಣಿನ ಕೈಗಾಡಿಯ ಹೆಂಗಸು ಗಾಡಿಯ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದಳು. ಮೂಲೆಯ ಮರದ ತುದಿಯಲ್ಲಿ ಒಂದು ಮುದಿ ಕೊಕ್ಕರೆ, ಕುತ್ತಿಗೆಯಲ್ಲಿ ಜೋಲುವ ಚೀಲದೊಂದಿಗೆ, ಯಾವುದಕ್ಕೂ ಅವಸರವಿಲ್ಲದ ಹಾಗೆ ನಿಂತಿತ್ತು. ಬಿಸಿಲು ಇನ್ನೂ ರಸ್ತೆಗೆ ಇಳಿದಿರಲಿಲ್ಲ.

ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು, ಕಂಡದ್ದನ್ನೆಲ್ಲ ಕಂಡ ಹಾಗೆ ಬರೆಯತೊಡಗಿದೆ.